ಗುಂಡುಗಲ್ಲಿನ ಬಳೆ

ಇಂದಿನ ಸಭೆಯ ಮುಂದಿರುವ ಅತ್ಯಂತ ಗಂಭೀರ ವಿಷಯವೆಂದರೆ ಮಂಡಕ್ಕಿ ಸುಸಲಾದಲ್ಲಿ ಶೇಂಗಾ ಕಡಿಮೆ ಬಿದ್ದಿರುವುದು, ಓಣಿಯ ಹಿರಿಯರೆಲ್ಲ ತಟ್ಟೆಯನ್ನು ಬೆರಳಿನಿಂದ ಕೆದಕಿ ಪರಿಶೀಲಿಸುತ್ತಿದ್ದಾರೆ, ಸೂಗಪ್ಪ ಕಾಕಾ ಅಂತೂ ಕನ್ನಡಕ ಏರಿಸಿಕೊಂಡು, ಇದೇನವಾ ಸೌಭಾಗ್ಯ, ನೀ ಮೆಂಬರ್ ಆದಮ್ಯಾಗ ಶೇಂಗಾಕ್ಕೂ ಕತ್ತರಿ ಬಿತ್ತೇನು — ಬಿದ್ದಿದ್ದರೆ ಕಾಕಾ, ಅದು ಅಡುಗೆಯವನ ಕತ್ತರಿ, ನನ್ನದಲ್ಲ — ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತ ಕಿಟಕಿಯ ಕಡೆ ತಿರುಗುತ್ತೇನೆ, ಶಾಲೆಯ ಈ ಕೋಣೆಯ ಕಿಟಕಿಯಿಂದ ಯಾವಾಗಲೂ ಅದೇ ಕಾಣುತ್ತಿತ್ತು, ಮಗ್ಗಿ ತಪ್ಪಿದಾಗಲೆಲ್ಲ ನಾನು ನೋಡುತ್ತಿದ್ದುದು ಅದನ್ನೇ, ಶಹಾಪುರದ ಗುಡ್ಡದ ಅಂಚಿಗೆ ಕೂತ ನಮ್ಮ ಗುಂಡುಗಲ್ಲು, ಮನೆಯಷ್ಟು ಎತ್ತರದ ಮೈ, ತಳದಲ್ಲಿ ಮಾತ್ರ ರೊಟ್ಟಿ ಹಂಚಿನಷ್ಟು ಜಾಗಕ್ಕೆ ತಾಗಿಕೊಂಡು, ಮಿಕ್ಕಿದ್ದೆಲ್ಲ ಗಾಳಿಯಲ್ಲಿ, ಮತ್ತೆ ಅದರ ನೇರ ಕೆಳಗೆ ನಮ್ಮ ಓಣಿ. ಮೇಜಿನ ಮೇಲೆ, ಸುಸಲಾ ತಟ್ಟೆಯ ಪಕ್ಕ, ಆ ಬಳೆ. ಹಸಿರು ಪ್ಲಾಸ್ಟಿಕ್ಕಿನದು. ಗುಂಡಗಿಲ್ಲ, ಮೊಟ್ಟೆಯ ಆಕಾರಕ್ಕೆ ಬಾಗಿದೆ. ಅದನ್ನು ಬೆಳಿಗ್ಗೆ ಗುಂಡಿನ ಅಡಿಯಿಂದ ತೆಗೆದು ತಂದವರು ಚೇತನಕುಮಾರ ಸಾಹೇಬರು, ಕಲಬುರಗಿಯಿಂದ ಬಂದ ಇಂಜಿನಿಯರು, ಪಾಪ, ಒಳ್ಳೆಯ ಮನುಷ್ಯ, ಬಂದಾಗಿನಿಂದ ಎರಡೇ ಮಾತು ಹೇಳುತ್ತಿದ್ದಾರೆ, ಕಲ್ಲು ಬೀಳುವ ಸಾಧ್ಯತೆ ತೀರಾ ತೀರಾ ಕಡಿಮೆ ಮೇಡಂ, ಬಿದ್ದರೆ ಓಣಿ ಇರೋದಿಲ್ಲ. ಓಣಿಯವರಿಗೆ ಮೊದಲನೆಯದು ಕೇಳಿಸಿದೆ, ನನಗೆ ಎರಡನೆಯದು. ಎಲ್ಲರನ್ನೂ ಓಣಿಯಿಂದ ಎಬ್ಬಿಸಬೇಕೋ ಬೇಡವೋ, ಈ ವಾರ್ಡಿನ ಮೆಂಬರ್ ಆಗಿ ನಾನು ಹೇಳಬೇಕು, ಇವತ್ತೇ.

ಬಳೆ ಇಡುವ ಪದ್ಧತಿ ಯಾರು ಶುರು ಮಾಡಿದರೋ, ನಮ್ಮ ಅಜ್ಜಿ ಹಂಪಮ್ಮ ಆಯಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಆಕೆ ಶಿವನ ಲೆಕ್ಕಕ್ಕೆ ಬರೆದುಬಿಡುತ್ತಿದ್ದಳು, ಶ್ರಾವಣದ ಮೊದಲ ಸೋಮವಾರ ಓಣಿಗೆ ಹೊಸದಾಗಿ ಬಂದ ಸೊಸೆ ಗುಡ್ಡ ಹತ್ತಿ, ಗುಂಡಿಗೆ ಎಣ್ಣೆ ಹಚ್ಚಿ, ತನ್ನ ಕೈಯದೇ ಒಂದು ಹಸಿರು ಗಾಜಿನ ಬಳೆ ಕಳಚಿ ಗುಂಡಿಗೂ ಬಂಡೆಗೂ ನಡುವಿನ ಸಂದಿಯಲ್ಲಿ ಬಿಗಿಯಾಗಿ ಸಿಕ್ಕಿಸಬೇಕು, ಬಳೆ ಇರುವ ತನಕ ಗುಂಡು ಇರುತ್ತದೆ, ಬಳೆ ಒಡೆದರೆ ಗುಂಡು ಮಗ್ಗುಲು ಬದಲಿಸಿದೆ ಎಂದರ್ಥ, ಚೆಂಬು ಹಾಸಿಗೆ ಎತ್ತಿಕೊಂಡು ಓಣಿಯೇ ಹೊರಬೀಳಬೇಕು. ಸಾಹೇಬರಿಗೆ ಇದನ್ನು ಹೇಳಿದಾಗ ನಗುತ್ತಾರೇನೋ ಅಂದುಕೊಂಡಿದ್ದೆ, ನಗಲಿಲ್ಲ, ನಾವೂ ಬಿರುಕಿಗೆ ಗಾಜಿನ ಪಟ್ಟಿ ಅಂಟಿಸುತ್ತೇವೆ ಮೇಡಂ, ಬಿರುಕು ಬೆಳೆದರೆ ಒಡೆಯೋದೇ ಅದರ ಕೆಲಸ, ಅಂದರು.

ಒಡೆದಿತ್ತು, ಒಂದು ಸಲ. ನಾನು ಇದೇ ಕೋಣೆಯಲ್ಲಿ ಮೂರನೇ ಇಯತ್ತೆ. ಆ ವರ್ಷ ಬಳೆ ಇಟ್ಟವಳು ಉಮಾಶ್ರೀ ಚಿಗವ್ವ, ನಮ್ಮ ಸಂಗಮನಾಥ ಕಾಕಾನ ಹೆಂಡತಿ, ಹುಣಸಗಿಯವಳು, ಬಸ್ಸಿನಿಂದ ಇಳಿದಾಗ ಅವಳ ಕಾಲುಂಗುರದ ಸಪ್ಪಳ ನನಗೆ ಇವತ್ತಿಗೂ — ಕುರಿ ಹುಡುಕಲು ಹೋದವನೊಬ್ಬ ಓಡಿಬಂದ, ಬಳಿ ಒಡದಾದೋ, ಬಳಿ ಒಡದಾದ! ಓಣಿಗೆ ಓಣಿಯೇ ಹತ್ತಿ ಮಿಲ್ಲಿನ ಅಂಗಳಕ್ಕೆ ಹೋಯಿತು, ಎಂಥಾ ದಿನಗಳವು, ಬೆಟ್ಟದಂಥ ಹತ್ತಿಯ ರಾಶಿಯಲ್ಲಿ ನಾವು ಮುಳುಗುವುದು, ತಲೆತುಂಬ ಬಿಳಿ ಎಳೆ ಅಂಟಿಸಿಕೊಂಡು ಮುದುಕರಾಗಿ ಏಳುವುದು, ಮೂರು ಕಲ್ಲಿನ ಒಲೆಗಳ ಸಾಲು, ಪುಂಡಿಪಲ್ಯದ ಹುಳಿ ವಾಸನೆ, ಬಳೆ ಮಾರುವ ಸುಲ್ತಾನಸಾಬನ ತಾಯಿ ರಾಬಿಯಾಬಿ ನಮಗೆಂದೇ ಬೇರೆ ಗಡಿಗೆಯಲ್ಲಿ ಖಿಚಡಿ ಮಾಡಿ ಮೇಲೆ ಹುಣಸೆಹಣ್ಣಿನ ಖಟ್ಟಾ ಸುರಿಯುತ್ತಿದ್ದಳು, ಬೇರೆಯವರ ನೀರನ್ನೂ ಮುಟ್ಟದ ನಮ್ಮ ಆಯಿ ಗಡಿಗೆ ಯಾರದೆಂದು ಕೇಳದೆ ಎರಡನೇ ಸಲ ಬಡಿಸಿಕೊಂಡು, ಗುಂಡು ಬೀಳೂತನಕ ಮಡಿ ಇಲ್ಲ ಬಿಡ್ರೆವಾ, ಎಂದು ತಾನೇ ಕಾಯಿದೆ ಹೊರಡಿಸಿದ್ದಳು. ನನ್ನ ತಾಯಿ ಬಾಯಿ ಮುಚ್ಚಿಕೊಳ್ಳದೆ ನಕ್ಕದ್ದನ್ನು ನೋಡಿದ್ದು ಅಲ್ಲಿ ಮಾತ್ರ. ಗುಂಡು ಬೀಳಬಾರದು, ನಾವು ಮನೆಗೂ ಹೋಗಬಾರದು ಎಂದು ಬೇಡಿಕೊಂಡಿದ್ದೆ, ಎರಡನೆಯದನ್ನು ದೇವರು ನಡೆಸಿಕೊಡಲಿಲ್ಲ.

ಗುಂಡು ಬೀಳಲಿಲ್ಲ ಎಂಬುದೇ ತಪ್ಪಾಯಿತು. ಊರು ನಕ್ಕಿತು, ಗಂಜ್ ಮಾರುಕಟ್ಟೆಯಲ್ಲಿ ಹಮಾಲರು ನಮ್ಮ ಓಣಿಯವರನ್ನು ಕಂಡರೆ ಆಕಾಶ ನೋಡಿ ತಲೆ ಮೇಲೆ ಕೈ ಹೊತ್ತು ಓಡುವ ನಾಟಕ ಮಾಡುತ್ತಿದ್ದರು, ಮಂಗ್ಯಾ ಒಡದಿರಬೇಕು, ಹಲ್ಲಿ ಹಾದಿರಬೇಕು, ಇಲ್ಲಾ ಸೊಸಿ ನೆಟ್ಟಗ ಇಟ್ಟಿಲ್ಲ — ಕೊನೆಯದೇ ಎಲ್ಲರಿಗೂ ರುಚಿಸಿತು. ಆಮೇಲೆ ಸಂಗಮನಾಥ ಕಾಕಾ ಕಾಮಣಿ ರೋಗವಾಗಿ ತೀರಿಹೋದ, ನಡುವೆ ಎಷ್ಟೋ ವರ್ಷ ಗಟ್ಟಿಮುಟ್ಟಾಗಿ ಬದುಕಿದ್ದ, ಆದರೂ ಹೆಣದ ಮುಂದೆಯೇ ಯಾರೋ ಅಂದರು, ಗುಂಡಿನ್ಯಾಗಿನ ಬಳಿ ಒಡದಾಗೇ ನಾ ಅಂದಿದ್ದೆ. ಚಿಗವ್ವ ತಲೆ ಎತ್ತಿ ನೋಡಿದಳು, ಯಾರೆಂದು ನೋಡಿದಳು, ಮತ್ತೆ ತಗ್ಗಿಸಿದಳು. ಅದಾದ ಮೇಲೆ ಯಾವ ಸೊಸೆ ಗಾಜಿನ ಬಳೆ ಇಟ್ಟಾಳು, ಯಾವ ತಾಯಿ ಮಗಳಿಗೆ ಇಡಗೊಟ್ಟಾಳು, ಓಣಿಯ ಬುದ್ಧಿವಂತರು ಕೂಡಿ ಉಪಾಯ ಮಾಡಿದರು, ಒಡೆಯದ ಬಳೆ ಇಡೋಣ, ಪ್ಲಾಸ್ಟಿಕ್ಕಿಂದು, ಹಸಿರೇ ಇರಲಿ. ಎಲ್ಲರಿಗೂ ಸಮಾಧಾನವಾಯಿತು, ಒಡೆಯದ ಬಳೆಯನ್ನು ಬದಲಿಸುವುದೇಕೆ ಎಂದು ಗುಡ್ಡ ಹತ್ತುವುದೂ ನಿಂತಿತು, ಸೊಸೆಯರು ಕೆಳಗಿನಿಂದಲೇ ಕೈ ಮುಗಿಯತೊಡಗಿದರು, ಗಂಟೆಯ ನಾಲಗೆ ಕಿತ್ತು ಊರು ಶಾಂತವಾಗಿದೆ ಅಂದುಕೊಂಡ ಹಾಗೆ — ನಾನೂ ಅಂದುಕೊಂಡಿದ್ದೆ.

ಬಿಸಲಿಗೆ ಬಾಗ್ಯಾದ ಅದು, ಸೂಗಪ್ಪ ಕಾಕಾ ಬಳೆಯನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾನೆ, ನಮ್ಮ ಬಿಸಲಿಗೆ ಮನುಷ್ಯಾನೇ ಬಾಗ್ತಾನ. ಎಲ್ಲರೂ ನಗುತ್ತಾರೆ, ನಗು ಬೇಕಾಗಿತ್ತು. ಸುಲ್ತಾನಸಾಬ ಮಾತ್ರ ತಟ್ಟೆ ಕೆಳಗಿಟ್ಟು, ಕಾಕಾ, ಸಿಟ್ಟಾಗಬ್ಯಾಡ್ರಿ, ನನ್ನ ಅಂಗಡ್ಯಾಗ ತಗಡಿನ ಕೆಳಗ ಇದೇ ಮಾಲು ವರ್ಷಗಟ್ಟಲೆ ತೂಗಾಡತದ, ಒಂದೂ ಬಾಗಿಲ್ರಿ. ಹಾಗಾದರೆ ಬಾಗಿಸಿದ್ದು ಬಿಸಿಲಲ್ಲ, ಗುಂಡು. ಯಾವಾಗ ಬಾಗಿತು, ಹೋದ ವರ್ಷವೋ, ಸಂಗಮನಾಥ ಕಾಕಾ ಸತ್ತ ಮರುವರ್ಷವೋ, ನಮ್ಮ ಮಗ್ಗುಲಿಗೇ ಗುಂಡು ಸರಿದಾಗ ನಾವು ಊಟ ಮಾಡುತ್ತಿದ್ದೆವೋ — ಹೇಳ್ರಿ ಮೇಡಂ, ಸಾಹೇಬರು ಪೆನ್ನು ಹಿಡಿದಿದ್ದಾರೆ. ಗುಂಡಿಗೆ ಆಸರೆ ಕಟ್ಟುವ ತನಕ ಗಾಜಿನ ಬಳೆ ಇಡೋಣ, ದಿನಾ ಹತ್ತಿ ನೋಡೋಣ, ಒಡೆದರೆ ಎಲ್ಲರೂ ಹೊರಗೆ, ಅನ್ನುತ್ತೇನೆ. ಇಡೋರು ಯಾರವಾ, ಸೂಗಪ್ಪ ಕಾಕಾ ಕೇಳುತ್ತಾನೆ. ಸೊಸೆಯರೆಲ್ಲ ಸೆರಗು ನೋಡಿಕೊಳ್ಳುತ್ತಿದ್ದಾರೆ, ಬಾಗಿಲ ಬಳಿಯಿಂದ ಉಮಾಶ್ರೀ ಚಿಗವ್ವನ ದನಿ, ನಾ ಇಡ್ತೀನಿ ಕೊಡ್ರಿ, ನಂದೇನು ಒಡಿಯೂದು ಉಳದಾದ. ಸೂಗಪ್ಪ ಕಾಕಾ ಕನ್ನಡಕ ಇಳಿಸುತ್ತಾನೆ. ಇನ್ನೊಂದು ಬರೆಯಿರಿ ಸಾಹೇಬರೇ, ಒಡೆದು ಗುಂಡು ಬೀಳದಿದ್ದರೆ ಯಾರೂ ನಗಬಾರದು, ಯಾರ ಗಂಡನ ಸುದ್ದಿಯನ್ನೂ ತೆಗೆಯಬಾರದು. ಅದನ್ನೂ ಬರೀಬೇಕಾ ಮೇಡಂ? ಅದನ್ನೇ ಮೊದಲು ಬರೆಯಿರಿ. ಚಿಗವ್ವ ಮೇಜಿನ ಹತ್ತಿರ ಬಂದು ಆ ಬಾಗಿದ ಬಳೆಯನ್ನು ಎತ್ತಿಕೊಳ್ಳುತ್ತಾಳೆ, ಎರಡೂ ಹೆಬ್ಬೆರಳಿನಿಂದ ಒತ್ತಿ ಗುಂಡಗೆ ಮಾಡಲು ನೋಡುತ್ತಾಳೆ, ಅದು ಬರುತ್ತದೆ, ಬಿಟ್ಟರೆ ಮತ್ತೆ ಮೊಟ್ಟೆ, ಮತ್ತೆ ಒತ್ತುತ್ತಾಳೆ, ಮತ್ತೆ ಮೊಟ್ಟೆ, ಹಸಿರು ಮೊಟ್ಟೆ —

ಠರಾವು ಪಾಸಾಯಿತು. ಗಾಜಿನ ಬಳೆ ಅದೇ ವಾರ ಒಡೆಯಿತು. ಓಣಿ ಈಗ ಮುಚ್ಚಿಹೋದ ಹತ್ತಿ ಮಿಲ್ಲಿನ ಅಂಗಳದಲ್ಲಿದೆ. ಗುಂಡು ಬಿದ್ದಿಲ್ಲ. ಯಾರೂ ನಗುತ್ತಿಲ್ಲ.