ಪಾಠಕ್ಕೊಂದು ತಪ್ಪು

ಬಿಳಿ ಬೋರ್ಡನ್ನು ಎಲ್ಲಿಡುವುದೆಂದು ತಿಳಿಯದೆ ಅವಳು ಅದನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಫೋನಿನ ಸ್ಟ್ಯಾಂಡು, ದೀಪ, ಮೇಜು ಎಲ್ಲವೂ ಆಗಲೇ ಒಳಗೆ ಸೇರಿದ್ದವು. ಪಾಠ ನಡೆಯುತ್ತಿದ್ದ ಜಾಗದಲ್ಲಿ ಈಗ ದೊಡ್ಡಪ್ಪನನ್ನು ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು.

"ಗೋಡೆಗೆ ಒರಗಿಸೇ, ಕೂಸಿನ ಥರ ಎತ್ಕೊಂಡಿದ್ದೀಯಲ್ಲ," ಎಂದರು ದೊಡ್ಡಮ್ಮ.

ಅವಳು ಒರಗಿಸಿದಳು. ಎಂಟನೇ ತರಗತಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿ ದೊಡ್ಡಪ್ಪನ ಮನೆ ಸೇರಿದವಳು ಅವಳು. ನಾಲ್ಕು ಜನ ಸೇರಿದರೆ ಅವಳನ್ನು ಬಾಗಿಲ ಹಿಂದೆ ಹುಡುಕಬೇಕಿತ್ತು. ಮನೆಮಂದಿ ಇಟ್ಟ ಹೆಸರು ಮೂಲೆರಾಣಿ.

ಅಂಗಳದಲ್ಲಿ ಮೂವತ್ತು ನಲವತ್ತು ವಿದ್ಯಾರ್ಥಿಗಳು. ಹೆಚ್ಚಿನವರು ಮೇಷ್ಟ್ರನ್ನು ಫೋನಿನಲ್ಲಷ್ಟೇ ಕಂಡವರು.

"ಇಷ್ಟು ಕುಳ್ಳಗಿದ್ರಾ? ಫೋನಲ್ಲಿ ಎತ್ತರ ಕಾಣ್ತಿದ್ರು."

"ಫೋನಲ್ಲಿ ನೀನೂ ಜಾಣನ ಥರಾನೇ ಕಾಣ್ತೀಯ ಬಿಡು."

"ಶ್, ಮೆಲ್ಲಗೆ. ಅದಿರ್ಲಿ, ಈ ಸಲದ ತಪ್ಪು ಯಾರು ಹಿಡಿದ್ರಿ?"

"ನಾನು. ಚಂದ್ರ ಏಳೇ ದಿನಕ್ಕೆ ಭೂಮೀನ ಸುತ್ತಿಬಿಡುತ್ತೆ ಅಂದ್ರಲ್ಲ, ಅದು."

"ಅದಲ್ಲ ಕಣೋ," ಎಂದಳು ಉದ್ದ ಜಡೆಯ ಹುಡುಗಿಯೊಬ್ಬಳು. "ಭೂಮಿ ನೆರಳು ಬಿದ್ದು ಚಂದ್ರ ದಿನಾ ಸವೆಯುತ್ತೆ ಅಂದ್ರಲ್ಲ, ಅದು. ನೆರಳು ಬೀಳೋದು ಗ್ರಹಣಕ್ಕೆ ಮಾತ್ರ."

"ಮತ್ತೆ ದಿನಾ ಯಾಕೆ ಸವೆಯುತ್ತೆ?"

"ಅದು… ಮುಂದಿನ ವಾರ ಮೇಷ್ಟ್ರೇ ಹೇಳ್ತಿದ್ರು."

ಬಾಗಿಲ ಹಿಂದೆ ನಿಂತಿದ್ದವಳು ಬೆರಳು ಮಡಚಿ ಎಣಿಸಿದಳು. ಒಂದು ಪಾಠಕ್ಕೆ ಎರಡು ತಪ್ಪು. ಒಂದನ್ನು ಕತ್ತರಿಸದೆ ಅವಳೇ ಬಿಟ್ಟುಬಿಟ್ಟಿದ್ದಳು.

*

ಮಧ್ಯಾಹ್ನದ ಪಾಠಕ್ಕೆ ಹಿಂದಿನ ಬೆಂಚು ಗೊರಕೆ ಹೊಡೆಯುತ್ತದೆಂದು ದೊಡ್ಡಪ್ಪ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಾಗಲೇ ಒಂದು ಆಟ ಹೂಡಿದ್ದರು. ಪಾಠಕ್ಕೊಂದು ತಪ್ಪು ಬೇಕೆಂದೇ ಹೇಳುವುದು. ಹಿಡಿದವರ ಹೆಸರನ್ನು ಮುಂದಿನ ಪಾಠದ ಮೊದಲಿಗೆ ಕೂಗುವುದು. ಅಂದಿನಿಂದ ಒಬ್ಬನೂ ಕಣ್ಣು ಮುಚ್ಚಲಿಲ್ಲ. ನಿವೃತ್ತಿಯಾದ ಮೇಲೆ ಗುರುವಾರ ಗುರುವಾರ ಫೋನಿನಲ್ಲಿ ಪಾಠ ಶುರುವಾಯಿತು. ಆಟ ಅಲ್ಲಿಗೂ ಬಂತು. ಅವಳು ವಿಡಿಯೊ ಹಿಡಿದು, ಕೆಮ್ಮು, ತಡವರಿಕೆಗಳನ್ನು ಕತ್ತರಿಸಿ ಕಳಿಸುತ್ತಿದ್ದಳು.

ಒಂದು ದಿನ ಅವಳು ಹೇಳಿದಳು, "ದೊಡ್ಡಪ್ಪ, ಇವತ್ತು ಎರಡಾಯ್ತು."

"ಎರಡೆಲ್ಲಿ? ರಕ್ತದ ವಿಷಯ ಒಂದೇ ಅಲ್ವಾ?"

"ಹೃದಯಕ್ಕೆ ಮೂರು ಕೋಣೆ ಅಂದ್ರಿ."

ಅವರು ಪುಸ್ತಕ ತೆಗೆದು ನೋಡಿದರು. ಮೂವತ್ತು ವರ್ಷ ಬಾಯಿಪಾಠವಾಗಿದ್ದ ಪುಟವನ್ನು ಬೆರಳಿಟ್ಟು ಓದಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ಯಾರಿಗೂ ಗೊತ್ತಾಗಬಾರ್ದು ಕಣೇ. ನಿಮ್ಮ ದೊಡ್ಡಮ್ಮನಿಗೂ. ನಾನು ಬೇಕಂತ ಹೇಳಿದ್ದೊಂದನ್ನ ಬಿಡು, ಮಿಕ್ಕಿದ್ದು ಕತ್ತರಿಸು."

ಅವಳು ತೊಡೆಯ ಮೇಲೆ ಪುಸ್ತಕ ಹರವಿಕೊಂಡು ಮಾತುಮಾತನ್ನೂ ತಾಳೆ ನೋಡತೊಡಗಿದಳು. ಎರಡು ಮೂರಾಯಿತು, ಮೂರು ಐದಾಯಿತು. ಆದರೂ ಹೊರಗೆ ಹೋಗುತ್ತಿದ್ದದ್ದು ಒಂದೇ.

ಕೊನೆಯ ಪಾಠ ಹೇಳಿದ ಮರುದಿನವೇ ಅವರು ಬಿದ್ದರು. ಆಸ್ಪತ್ರೆಯ ಹಾಸಿಗೆಯಿಂದ ಎರಡು ಸಲ ಕೇಳಿದರು: "ಗುರುವಾರದ ಪಾಠ ತಪ್ಪಿಹೋಗಲ್ಲ ತಾನೆ?" ಅವಳು ಹೊರಗಿನ ಬೆಂಚಿನ ಮೇಲೆ ಕೂತು ಕತ್ತರಿಸಿ ಕಳಿಸಿದಳು. ಪುಸ್ತಕ ಮನೆಯಲ್ಲಿತ್ತು. ಏಳು ದಿನದ್ದು ಬೇಕೆಂದೇ ಹೇಳಿದ್ದೆಂದು ಗೊತ್ತಿತ್ತು. ನೆರಳಿನ ಮಾತು ಸರಿಯೆಂದೇ ಅವಳಿಗೆ ತೋರಿತ್ತು.

*

"ಎರಡು ತಪ್ಪು ಅಂತಿದ್ದಾರಲ್ಲ ಮಕ್ಕಳು?" ಉಣ್ಣೆಯ ಟೋಪಿ ಹಾಕಿಕೊಂಡ ಗಣಿತದ ಮೇಷ್ಟ್ರು ಮೆಟ್ಟಿಲ ಬಳಿ ಬಂದು ನಿಂತಿದ್ದರು. ದೊಡ್ಡಪ್ಪನ ಪಕ್ಕದ ಕೋಣೆಯಲ್ಲೇ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು. "ತಪ್ಪು ಹೇಳ್ಕೊಡೋ ಮೇಷ್ಟ್ರು ನೀನೊಬ್ಬನೇ ಕಣಯ್ಯಾ ಅಂತ ಅವನಿಗೆ ಬೈತಾನೇ ಇದ್ದೆ. ಆದ್ರೆ ಅವನ ಲೆಕ್ಕ ಯಾವತ್ತೂ ಒಂದೇ. ಈಚೆಗೆ ನನ್ನ ಹೆಸರೇ ಎರಡು ಸಲ ಮರೆತಿದ್ದ. ಏನಮ್ಮಾ, ಅವನಿಗೆ ಮರೆವು ಹಿಡಿದಿತ್ತಾ?"

ಒಳಗೆ ದೊಡ್ಡಮ್ಮ ತಲೆಯೆತ್ತಿದರು.

ಅವಳು ಬಾಗಿಲು ಬಿಟ್ಟು ಈಚೆ ಬಂದಳು.

"ತಪ್ಪು ನಂದು. ನೆರಳಿಂದ ಅಂತ ಜನ ಅಂದ್ಕೊಂಡಿದ್ದಾರೆ, ಅದು ಸುಳ್ಳು ಅಂತ ದೊಡ್ಡಪ್ಪ ಹೇಳಿದ್ರು. ನಾನು ಕತ್ತರಿಸೋವಾಗ ಹಿಂದೆ ಮುಂದೆ ಎರಡೂ ಹೋಯ್ತು."

"ಶಾಲೆ ಬಿಟ್ಟೋರ ಕೈಗೆ ಕೊಟ್ರೆ ಇನ್ನೇನಾಗುತ್ತೆ," ಎಂದರು ಬಂಧುಗಳಲ್ಲೊಬ್ಬರು, ಕೇಳಿಸುವಂತೆಯೇ. ಎಲ್ಲರೂ ನಂಬಿದರು. ಅದು ಅಷ್ಟು ಸುಲಭವಾಗಿತ್ತು.

ಗಣಿತದ ಮೇಷ್ಟ್ರು ಮಾತ್ರ ನಂಬಲಿಲ್ಲ. "ಕತ್ತರಿಸಿದ ತುಂಡು ಇದ್ಯಾ?"

"ಅಳಿಸಿಬಿಟ್ಟೆ."

"ಹೋಗ್ಲಿ, ಕೇಳಿಸ್ಕೊಂಡಿದ್ದೀಯಲ್ಲ. ನೆರಳಲ್ಲ ಅಂದ್ರೆ ಮತ್ತೇನಂದ?"

ಅವಳಿಗೆ ಗೊತ್ತಿರಲಿಲ್ಲ. ನಲವತ್ತು ಮುಖಗಳು ಅವಳತ್ತ ತಿರುಗಿದ್ದವು.

ಅಷ್ಟರಲ್ಲಿ ಗೇಟಿನ ಬಳಿ ಶವ ಒಯ್ಯುವ ವಾಹನ ಬಂದು ನಿಂತಿತು. ಗಣಿತದ ಮೇಷ್ಟ್ರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಒಂದು ಕೂದಲೂ ಇಲ್ಲದ ತಲೆ. ಬೆಳಗಿನ ಓರೆ ಬಿಸಿಲು ಅದರ ಒಂದು ಮಗ್ಗುಲಿಗೆ ಬಿದ್ದಿತ್ತು. ಇನ್ನೊಂದು ಮಗ್ಗುಲು ಕಪ್ಪಗಿತ್ತು. ನೋಡುವುದೊಂದೇ ಅವಳು ಚಿಕ್ಕಂದಿನಿಂದ ಕಲಿತ ವಿದ್ಯೆ. ಅವಳು ನೋಡಿದಳು. ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಬೆಳಗಿದ ಭಾಗ ಸಣ್ಣದಾಯಿತು. ಇನ್ನೆರಡು ಹೆಜ್ಜೆ ಸರಿದಳು.

"ಮೇಷ್ಟ್ರೇ, ಹಾಗೇ ನಿಂತಿರಿ. ಅಲ್ಲಾಡಬೇಡಿ," ಎಂದಳು. "ಬಿಸಿಲು ಯಾವಾಗ್ಲೂ ಅರ್ಧ ತಲೆಗೇ ಬಿದ್ದಿದೆ. ಆಗ ಅಲ್ಲಿ ನಿಂತಾಗ ಹೋಳು ಕಾಣಿಸ್ತು. ಇಲ್ಲಿಂದ ಉಗುರಿನಷ್ಟೇ ಗೆರೆ. ಯಾರ ನೆರಳೂ ಬಿದ್ದಿಲ್ಲ. ನೋಡೋ ಜಾಗ ಬದಲಾಯ್ತು, ಅಷ್ಟೇ. ಚಂದ್ರನೂ ಹಾಗೇ."

ಗಣಿತದ ಮೇಷ್ಟ್ರು ಅವಳನ್ನೇ ದಿಟ್ಟಿಸಿದರು.

"ಹೀಗಂದಿದ್ನಾ ಅವನು?"

"ಹೂಂ."

"ಅಂದಿರ್ತಾನೆ," ಎಂದರು ಅವರು. "ಹೀಗೇ ಅಂದಿರ್ತಾನೆ."

ಉದ್ದ ಜಡೆಯ ಹುಡುಗಿ ಮೊದಲು ಬಂದಳು. ಗಣಿತದ ಮೇಷ್ಟ್ರ ತಲೆಯನ್ನೇ ದಿಟ್ಟಿಸುತ್ತಾ ಅವರ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದಳು. ಅವಳ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತಿಬ್ಬರು. ಚಾಲಕ ಎಂಜಿನ್ ಆರಿಸಿ ಕೆಳಗಿಳಿದ. ಟೋಪಿಯನ್ನು ಮುಷ್ಟಿಯಲ್ಲಿ ಹಿಡಿದು, ಬಿಸಿಲಿಗೆ ಕಣ್ಣು ಮುಚ್ಚಿಕೊಂಡು, ಕೊನೆಯ ಹುಡುಗ ಸುತ್ತಿ ಮುಗಿಸುವವರೆಗೂ ಗಣಿತದ ಮೇಷ್ಟ್ರು ಕತ್ತು ಅಲುಗಿಸಲಿಲ್ಲ.