ಅಂಚೆಡಬ್ಬಿಯ ಮುಂದೆ ಬಸಲಿಂಗಪ್ಪ

"ಕುಂದ್ರಂಗಿಲ್ರೀ ಅವ್ವಾರ, ಕುಂದ್ರು ಅನಬ್ಯಾಡ್ರಿ. ಪೋಸ್ಟಿನಾಕಿ ಬರೂ ಹೊತ್ತಾತು. ಆಕಿ ಬಂದಾಗ ನಾ ಕೆಳಗ ನಿಂತಿರಲಿಲ್ಲಂದ್ರ ನನ್ನ ಕಾಗದ ಯಾವನ ಡಬ್ಬಿ ಸೇರ್ತೈತೋ ಯಾರಿಗ್ಗೊತ್ತು? ಈ ಬಿಲ್ಡಿಂಗಿನ್ಯಾಗ ಅರ್ಧಾ ಮನಿ ಮೂರು ದಿನಕ್ಕ ಹಿಡಿದು ಕುಣಿಯಾಕ ಬಂದವರವು. ಹೋದ ವಾರ ಲಿಫ್ಟಿನ್ಯಾಗ ಒಬ್ಬಾಕಿ, ಮದುವಿ ಹುಡುಗಿ ಗೆಳತಿ ಅಂತ, ತಲಿ ಮ್ಯಾಲೆ ಗುಲಾಬಿ ಟೊಪಗಿ, 'ನೀ ಎಷ್ಟ್ ದಿನಕ್ಕ ಬಂದಿ?' ಅಂದ್ಲು. 'ಹತ್ತೊಂಬತ್ತು ವರ್ಷಾತು ತಾಯಿ' ಅಂದೆ. 'ಅಷ್ಟ್ ದಿನಾ ಪಾರ್ಟಿನಾ!' ಅಂತ ಚಪ್ಪಾಳಿ ಹೊಡದ್ಲ್ರೀ! ಏನ್ ಹೇಳ್ಲಿ? ಶುಕ್ರವಾರ ಸಂಜಿಗೆ ಪೊಲೀಸರು ರಸ್ತಾ ಬಂದ್ ಮಾಡ್ತಾರ, ಅದರೊಳಗ ಕಾರ್ ಹೊರಗ ಹಚ್ಚಬೇಕು. ಲೈಸೆನ್ಸು ವೀಸಾದ ತಾರೀಖಿಗೇ ಮುಗೀತೈತಿ, ಅದಕ್ಕ ಮತ್ತ ಸಾಲು ನಿಂದ್ರಬೇಕು. ಇರ್ಲಿ, ಸದ್ಯಕ್ಕ ಒಂದ್ ಕಪ್ ಚಾ ಕೊಡ್ರಿ, ನಿಂತಾ ಕುಡೀತೀನಿ."

ನಮ್ಮ ಅಡುಗೆಕಟ್ಟೆಗೆ ಒಂದು ಕೈ ಊರಿ, ಎಡಗಾಲಿನಿಂದ ಬಲಗಾಲಿಗೆ ಭಾರ ಬದಲಿಸುತ್ತ, ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ ಬಸಲಿಂಗಪ್ಪ ಲಿಫ್ಟಿಗೆ ಓಡುತ್ತಿದ್ದ. ನಾಲ್ಕು ವರ್ಷಗಳಲ್ಲಿ ಅವನು ನಮ್ಮ ಮನೆಯ ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿರಲಿಲ್ಲ. ಅಮೆರಿಕದ ಆಸ್ಟಿನ್ನಿನ ಕುಡಿತ ಕುಣಿತದ ಬೀದಿಯ ನೆತ್ತಿಯ ಮೇಲೆ ನಿಂತಿರುವ ಈ ಕಟ್ಟಡದಲ್ಲಿ ಅವನದು ಒಂಬತ್ತನೆಯ ಮಹಡಿ. ನನ್ನದು, ಅಂದರೆ ನನ್ನ ತಂಗಿಯ ಮಗಳು, ನರ್ಸ್ ಕೆಲಸ ಮಾಡುವ ಪ್ರಗತಿಯದು, ನಾಲ್ಕನೆಯದು. ಎದುರಿನ ದೊಡ್ಡ ಹೋಟೆಲಿನ ಕಂಪ್ಯೂಟರುಗಳನ್ನು ಸಂಭಾಳಿಸುವುದು ಅವನ ಉದ್ಯೋಗ. ಕರೆದ ಹತ್ತು ನಿಮಿಷದಲ್ಲಿ ಅಲ್ಲಿರಬೇಕೆಂಬ ಕರಾರಿನಿಂದಾಗಿ, ಮದ್ಯದ ವಾಸನೆಯನ್ನೂ ಸಹಿಸದ ಮನುಷ್ಯ ಮದ್ಯದಂಗಡಿಗಳ ಮೇಲೆ ಮನೆ ಮಾಡಿದ್ದ.

ಅವನ ನಡಿಗೆಯನ್ನು ಆ ಬೀದಿಯೇ ತಿದ್ದಿತ್ತು. ಭಾನುವಾರದ ಬೆಳಗಿನಲ್ಲಿ ಕೆಳಗಿನ ಕಾಲುದಾರಿಯ ಮೇಲೆ ಒಡೆದ ಗಾಜು, ಚೆಲ್ಲಿದ ಬಿಯರು, ಯಾರೋ ಕಕ್ಕಿದ್ದು, ಯಾರದೋ ಒಂದೇ ಚಪ್ಪಲಿ ಬಿದ್ದಿರುತ್ತವೆ. ಅವುಗಳ ನಡುವೆ ಅಡಿ ಎತ್ತೆತ್ತಿ ಇಟ್ಟು ರೂಢಿಯಾದ ಅವನು, ನಮ್ಮ ಮನೆಯ ಸ್ವಚ್ಛವಾದ ನೆಲದ ಮೇಲೂ ಕೊಕ್ಕರೆಯ ಹಾಗೆ ಕಾಲೆತ್ತಿಯೇ ನಡೆಯುತ್ತಿದ್ದ. ಮೈಮೇಲೆ ಸದಾ ಒಂದು ಕಂದು ಕೋಟು. ಈ ದೇಶದ ಲೆಕ್ಕದಲ್ಲಿ ನೂರು ಡಿಗ್ರಿಯ ಬಿಸಿಲಿದ್ದರೂ ತೆಗೆಯನು. ಅದರ ಒಳಜೇಬಿನಲ್ಲಿ ಪಾಸ್‌ಪೋರ್ಟಿನ ಪ್ರತಿ, ವೀಸಾದ ಪ್ರತಿ, ಪಗಾರದ ಚೀಟಿ. ಜೇಬಿನ ಭಾರಕ್ಕೆ ಕೋಟಿನ ಎಡಮಗ್ಗುಲು ಜೋತು, ಅವನೇ ಒಂದು ಕಡೆಗೆ ವಾಲಿದಂತೆ ಕಾಣುತ್ತಿತ್ತು. ಮಾತಿಗೊಂದು "ಸದ್ಯಕ್ಕ". ಆರಾಮೇನಪ್ಪಾ ಎಂದರೆ "ಸದ್ಯಕ್ಕ ಆರಾಮ". ಒಂದು ಒಳ್ಳೆಯ ಮಂಚ ತಗೊಳ್ಳಬಾರದೇ ಎಂದರೆ "ಸದ್ಯಕ್ಕ ಹಾಸಿಗಿ ಸಾಕ್ರಿ". ಹೆಂಡತಿ ತೀರಿಕೊಂಡು ಆರು ವರ್ಷವಾದರೂ ಅವಳ ಪಟ ಗೋಡೆಗೇರದೆ ನೆಲದ ಮೇಲೆ ಗೋಡೆಗೊರಗಿ ನಿಂತೇ ಇತ್ತು, ಅದರ ಯಜಮಾನನ ಹಾಗೆ.

ಇಷ್ಟೆಲ್ಲ ತಳಮಳ ತನಗಾಗಿ ಅಲ್ಲ, ಮಗಳಿಗಾಗಿ. ವೈಷ್ಣವಿ ಹ್ಯೂಸ್ಟನ್ನಿನಲ್ಲಿ ಓದುತ್ತಿದ್ದಳು. ಇಲ್ಲಿ ಕಾಯಮ್ಮಾಗಿ ಉಳಿಯಲು ಬೇಕಾದ ಗ್ರೀನ್ ಕಾರ್ಡಿಗೆ ಬಸಲಿಂಗಪ್ಪ ಹಾಕಿದ ಅರ್ಜಿಯಲ್ಲಿ ಅವಳ ಹೆಸರೂ ಸೇರಿತ್ತು. ಅವಳಿಗೆ ಇಪ್ಪತ್ತೊಂದು ತುಂಬುವುದರೊಳಗೆ ಅರ್ಜಿ ದಡ ಮುಟ್ಟಿದರೆ ಅವಳೂ ಮುಟ್ಟಿದಂತೆ. ತಡವಾದರೆ ಅಪ್ಪನ ಕಾಗದದಿಂದ ಅವಳು ಹೊರಗೆ. ಎರಡು ವರ್ಷದ ಕೂಸಾಗಿ ಬಂದ ನೆಲದಲ್ಲಿ, ನಿನ್ನೆ ಇಳಿದ ಪರದೇಶಿಯ ಹಾಗೆ ಮೊದಲಿನಿಂದ ಶುರು. ಆಗಸ್ಟಿನಲ್ಲಿ ಅವಳ ಹುಟ್ಟುಹಬ್ಬ. ಅದಕ್ಕೇ ಅವನು ದಿನಾ ಮಧ್ಯಾಹ್ನ ಒಂದಕ್ಕೆ ಕೆಳಗಿಳಿದು, ಸಾಲು ಡಬ್ಬಿಗಳ ಮುಂದೆ ಪಹರೆ ನಿಂತಂತೆ ನಿಲ್ಲುತ್ತಿದ್ದ.

ಅವನ ಡಬ್ಬಿಯ ಮೇಲೊಂದು ಹೆಸರಿನ ಚೀಟಿಯಿತ್ತು. ಗದಗಿನಲ್ಲಿ ಪಾಸ್‌ಪೋರ್ಟು ಮಾಡಿಸಿದಾಗ ನಮ್ಮ ಕಡೆಯ ಎಷ್ಟೋ ಮಂದಿಯ ಹಾಗೆ ಅವನೂ ಒಂದೇ ಹೆಸರು ಬರೆಸಿದ್ದ, ಅದೂ ಮನೆತನದ ಹೆಸರಿನ ಜಾಗದಲ್ಲಿ. ಮೊದಲ ಹೆಸರಿನ ಜಾಗ ಖಾಲಿ ಉಳಿಯಿತು. ಈ ದೇಶದ ಕಾಗದಗಳು ಖಾಲಿಯನ್ನು ಸಹಿಸುವುದಿಲ್ಲವಂತೆ. ಬಸಲಿಂಗಪ್ಪ ಎಂಬುದರ ಮೊದಲಿಗೆ ಎಫ್, ಎನ್, ಯು ಎಂದು ಮೂರಕ್ಷರ ಕೂಡಿಸಿದವು. ಹಾಗಂದರೆ ಏನೇ ಎಂದು ನಾನು ವೈಷ್ಣವಿಯನ್ನು ಕೇಳಿದ್ದೆ. "ಮೊದಲ್ನೇ ಹೆಸರು ಗೊತ್ತಿಲ್ಲ ಅಂತ ಅಜ್ಜಿ" ಎಂದು ನಕ್ಕಿದ್ದಳು. ಕಾಗದ ತಪ್ಪದಿರಲೆಂದು ಆ ಮೂರಕ್ಷರ ಸಮೇತ ಚೀಟಿ ಬರೆದು ಅಂಟಿಸಿದವಳೂ ಅವಳೇ.

ಮಾರ್ಚಿನ ಸಂಗೀತದ ಹಬ್ಬಕ್ಕೆ ಊರಿಗೆ ಊರೇ ತುಂಬಿದಾಗ, ಪಕ್ಕದ ಮನೆ ಹಿಡಿದಿದ್ದ ತರುಣರು ಆ ಚೀಟಿ ಓದಿ, ಮೂರಕ್ಷರ ಕೂಡಿಸಿ "ಫ್ನೂ! ಫ್ನೂ!" ಎಂದು ಲಿಫ್ಟಿನವರೆಗೂ ಅವನನ್ನು ಕೂಗಿದರು. ಮರುದಿನ ಅವನು ಆ ಚೀಟಿ ಕಿತ್ತು, ನಮ್ಮೂರ ಬಾಗಿಲುಗಳ ಮೇಲೆ ಬರೆಸುವಂತೆ ಬಿ. ಎಸ್. ಹಳ್ಳಿಕೇರಿ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ. ನನ್ನನ್ನು ಕರೆದೊಯ್ದು ತೋರಿಸಿಯೂ ಆಯಿತು.

"ನಮ್ಮಪ್ಪನ ಹೆಸರು, ನಮ್ಮ ಮನಿತನ, ಎಲ್ಲಾ ಬಂತು ನೋಡ್ರಿ. ಹೆಸರು ಗೊತ್ತಿಲ್ದಾಂವ ಅಂತ ನನ್ನ ಡಬ್ಬಿ ಮ್ಯಾಲೆ ನಾನ ಬರ್ಕೊಂಡು ಕುಂದ್ರಬೇಕೇನ್ರಿ?"

"ಚಲೋ ಮಾಡಿದಿ ತಮ್ಮಾ" ಎಂದೆ. ಅಂದದ್ದು ನಾನೇ, ಇವತ್ತಿಗೂ ನೆನಪಿದೆ.

ಏಪ್ರಿಲಿನಲ್ಲಿ ಪೋಸ್ಟಿನಾಕೆ ರಜೆ ಹಾಕಿದಳು. ಬದಲಿಗೆ ಬಂದವನು ಬೆಳಿಗ್ಗೆ ಒಂಬತ್ತಕ್ಕೇ ಬಂದು ಹೋಗುತ್ತಿದ್ದನೆಂದು ನಮಗೆ ತಿಳಿದದ್ದು ಆಮೇಲೆ. ಒಂದು ಗಂಟೆಗೆ ಬಸಲಿಂಗಪ್ಪ ಕಾಯುವ ಹೊತ್ತಿಗೆ ಕಾಯುವಂಥದ್ದೇನೂ ಇರುತ್ತಿರಲಿಲ್ಲ. ಗ್ರೀನ್ ಕಾರ್ಡಿನ ಕಚೇರಿಯಿಂದ ಬಂದ ಲಕೋಟೆಯ ಮೇಲಿದ್ದ ಬಸಲಿಂಗಪ್ಪ ಎಂಬ ಹೆಸರು ಆ ಹೊಸಬನಿಗೆ ಡಬ್ಬಿಯ ಮೇಲೆ ಕಾಣಲಿಲ್ಲ. ಮೂರು ದಿನ ಕುಣಿದು ಹೋದ ಯಾವನೋ ಅತಿಥಿ ಇರಬೇಕೆಂದು ಕಾಗದವನ್ನು ತಿರುಗಿ ಕಳಿಸಿದ. ಇಷ್ಟು ದಿನದೊಳಗೆ ಉತ್ತರ ಕೊಡಿ ಎಂದು ಕೇಳಿದ್ದ ಕಾಗದ ಅದು. ಉತ್ತರವಿಲ್ಲದೆ ಅರ್ಜಿ ಮುಚ್ಚಿಹೋಯಿತು. ಅರ್ಜಿ ಏನಾಯಿತೆಂದು ವಿಚಾರಿಸಲು ಅವನು ಆಮೇಲೆ ಹಿಡಿದಿದ್ದ ಡಲ್ಲಾಸಿನ ವಕೀಲರು ಜುಲೈ ಕೊನೆಗೆ ಫೋನು ಮಾಡಿ, ಹೊಸ ಅರ್ಜಿ ಹಾಕಬಹುದು, ಆದರೆ ಅಷ್ಟರಲ್ಲಿ ಹುಡುಗಿಗೆ ಇಪ್ಪತ್ತೊಂದು ದಾಟುತ್ತದೆ ಎಂದರು.

ಹುಟ್ಟುಹಬ್ಬದ ದಿನ ವೈಷ್ಣವಿ ಹ್ಯೂಸ್ಟನ್ನಿನಿಂದ ಬಸ್ಸು ಹತ್ತಿ ಬಂದಳು. ನಾನು ಮೆಂತ್ಯದ ಸೊಪ್ಪು ಹರವಿಕೊಂಡಿದ್ದೆ. ಅವನು ಎಂದಿನ ಹಾಗೆ ಕಟ್ಟೆಗೊರಗಿ ನಿಂತಿದ್ದ.

"ಅಪ್ಪಾಗ ಫಸ್ಟ್ ನೇಮ್ ಇಲ್ಲ, ನಂಗ ಇಲ್ಲಿರಾಕ ಸ್ಟೇಟಸ್ಸೇ ಇಲ್ಲ. ಹ್ಯಾಪಿ ಬರ್ತ್‌ಡೇ ಟು ಮಿ" ಎಂದು ಅವಳು ಬ್ಯಾಗು ಇಳಿಸಿದಳು. "ಹೆದರಬ್ಯಾಡ್ರಿ ಅಜ್ಜಿ, ಸ್ಟೂಡೆಂಟ್ ವೀಸಾಕ್ಕೆ ಚೇಂಜ್ ಮಾಡ್ಕೋತೀನಿ. ಆ ಪೋಸ್ಟಿನವ್ನ ಮ್ಯಾಲೆ ಕಂಪ್ಲೇಂಟ್ ಕೊಡೋಣ. ಡಬ್ಬಿ ಮ್ಯಾಲೆ ನಾ ಅಷ್ಟ್ ದೊಡ್ಡದಾಗಿ ಬರ್ದಿದ್ದೆ, ಅವ್ನಿಗೆ ಕಣ್ಣಿಲ್ವಾ?"

ಬಸಲಿಂಗಪ್ಪನ ಕಾಲಾಟ ನಿಂತಿತು.

"ಅಂವನ್ನ ಬೈಬ್ಯಾಡವಾ" ಎಂದ. "ಆ ಚೀಟಿ ನಾನ ಕಿತ್ತೀನಿ."

"ವಾಟ್? ಯಾಕ?"

"ನಗತಿದ್ರು."

ಕೆಳಗಿನ ಬೀದಿಯಲ್ಲಿ ಯಾರೋ ಹಾಡು ಶುರುಮಾಡಿ ನಿಲ್ಲಿಸಿದರು. ವೈಷ್ಣವಿ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ನನ್ನಿಂದ ಪೆನ್ನು ಕಾಗದ ಇಸಿದುಕೊಂಡು ಮೂರು ಸಾಲು ಬರೆದಳು. ನನಗೆ ಇಂಗ್ಲಿಷು ಬಾರದೆಂದು ಬೆರಳಿಟ್ಟು ತೋರಿಸಿದಳು: ಮೇಲೆ ಆ ಮೂರಕ್ಷರ ಸಮೇತ ಬಸಲಿಂಗಪ್ಪ, ನಡುವೆ ಹಳ್ಳಿಕೇರಿ, ಕೆಳಗೆ ತನ್ನದು. "ಇನ್ನ್ಮ್ಯಾಲೆ ನಂದೂ ಬೇರೆ ಕಾಗದ ಬರ್ತಾವಲ್ಲ." ಆಮೇಲೆ ಅಪ್ಪನ ಕಡೆ ನೋಡದೆಯೇ, "ಕುಂದ್ರು ಅಪ್ಪಾ" ಎಂದಳು.

ಅವನು ಕೋಟು ಬಿಚ್ಚದೆ ಕುರ್ಚಿಯ ಅಂಚಿಗೆ ಕೂತ. ಕೂತವನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ನಾನು ಸೊಪ್ಪಿನ ಒಂದು ಕಟ್ಟನ್ನು ಅವನ ಮುಂದೆ ಸರಿಸಿದೆ.

ನಾನು ಕಣ್ಣಾರೆ ಕಂಡದ್ದು ಇಷ್ಟು. ತಾವು ಯಾರೆಂಬುದನ್ನು ಮೂರು ದಿನದ ಮಟ್ಟಿಗೆ ಮರೆಯಲೆಂದೇ ಜನ ಈ ಊರಿಗೆ ಬರುತ್ತಾರೆ. ಅವರ ನಡುವೆ, ತಾವು ಯಾರೆಂಬುದಕ್ಕೆ ಪುರಾವೆಯನ್ನು ಎದೆಯ ಮೇಲೆ ಹೊತ್ತು, ಹತ್ತೊಂಬತ್ತು ವರ್ಷವನ್ನೂ ಸದ್ಯಕ್ಕೆ ಎಂದು ಕಳೆಯುವ ಇನ್ನೊಂದು ಜಾತಿಯ ಜನ ಇದ್ದಾರೆ. ಅವರು ಕೂರದೆ ಇರುವುದು ಅವಸರದಿಂದಲ್ಲ. ಕೂತಿದ್ದಾಗ ಯಾರಾದರೂ ಬಂದು ಏಳು ಎಂದಾರೆಂಬ ಸಂಕೋಚದಿಂದ. ಹೆಮ್ಮೆಯೆಂಬುದು ಅವರಿಗೆ ಒಂದು ಚೀಟಿಯಷ್ಟು ಅಗಲ, ಅದೂ ದುಬಾರಿ.

ಮಧ್ಯಾಹ್ನ ಒಂದು ಗಂಟೆಯಾಯಿತು. ಅಭ್ಯಾಸಬಲದಿಂದ ಅವನು ಅರ್ಧ ಎದ್ದ.

"ನಾ ಹೋಗ್ತೀನಿ" ಎಂದು ವೈಷ್ಣವಿ ಅವನ ಕೈಯಿಂದ ಡಬ್ಬಿಯ ಕೀಲಿ ತೆಗೆದುಕೊಂಡಳು. ಚೀಟಿ ಹಿಡಿದು, ಬಾಗಿಲಿನವರೆಗೆ ನಮ್ಮ ಸ್ವಚ್ಛ ನೆಲದ ಮೇಲೆ, ಅವನ ಹಾಗೆಯೇ ಕಾಲೆತ್ತೆತ್ತಿ ಇಟ್ಟು ಹೋದಳು.

ಬಸಲಿಂಗಪ್ಪ ಮತ್ತೆ ಕೂತ. ಮೆಂತ್ಯದ ಒಂದು ಎಳೆ ಎತ್ತಿಕೊಂಡು ಎಲೆಯನ್ನು ಒಂದು ಕಡೆ, ದಂಟನ್ನು ಇನ್ನೊಂದು ಕಡೆ ಇಟ್ಟ. ಆಮೇಲೆ ಇನ್ನೊಂದು ಎಳೆ.