ಬೆಕ್ಕಿಗೂ ಪಾಲು

ನಮ್ಮ ಪರಮಾರಿಬೊ ಪಟ್ಟಣದ ಹೆಂಗಸರು ಹೆಸರಿಲ್ಲದ ಬಟ್ಟೆಯನ್ನು ಕೊಳ್ಳುವುದಿಲ್ಲ. ಅದರಲ್ಲೂ ತಲೆಗೆ ಕಟ್ಟುವ ಅಂಗಿಸಾಗೆ ಹೆಸರು ಇರಲೇಬೇಕು, ಆ ಹೆಸರು ಒಂದು ಗಾದೆಯಾಗಿರಬೇಕು. ಬಾಯಿಬಿಟ್ಟು ಹೇಳಲಾಗದ ಮಾತಿದ್ದರೆ ಆ ಹೆಸರಿನ ಬಟ್ಟೆಗೆ ಮರಗೆಣಸಿನ ಗಂಜಿ ಹಾಕಿ, ಮಡಿಸಿ, ತಲೆಗೇರಿಸಿಕೊಂಡು ಸಂತೆಗೆ ಹೋಗಿಬಂದರಾಯಿತು. ಕೇಳಬೇಕಾದವಳಿಗೆ ಕೇಳಿಸುತ್ತದೆ. ಜಗಳವಿಲ್ಲ, ಸಾಕ್ಷಿಯಿಲ್ಲ.

ಆ ಕಾಲದಲ್ಲಿ ಹೊಸ ಬಟ್ಟೆಗಳಿಗೆ ಹೆಸರಿಡುತ್ತಿದ್ದವಳು ಮಾ ಫಿಲಿಪಿನಾ. ಅಂಗಿಸಾ ಮಡಿಸುವುದು ಅವಳ ಕಸುಬು. ಆದರೆ ಊರು ಅವಳ ಮನೆಗೆ ಹೋಗುತ್ತಿದ್ದದ್ದು ಮಡಿಕೆಗಲ್ಲ, ಮಾತಿಗೆ. ಮಗಳ ಗಂಡ ಸೋಮಾರಿ ಎಂದು ಒಬ್ಬಳು ಅತ್ತರೆ, "ಕುಂತು ಉಣ್ಣೋನಿಗೆ ಎಲ್ಲಾ ಅಡುಗೆಗೂ ಉಪ್ಪು ಕಮ್ಮಿ" ಎನ್ನುವಳು. ಅತ್ತವಳು ನಕ್ಕು ಎದ್ದು ಹೋಗುವಳು. ದೇವರು ಕೆಲವರ ನಾಲಿಗೆಗೆ ಅಂಥ ವರ ಕೊಡುತ್ತಾನೆ. ವರವನ್ನು ಕಾಯುವ ಕೆಲಸವನ್ನು ಮಾತ್ರ ಅವರಿಗೇ ಬಿಡುತ್ತಾನೆ.

ನನ್ನ ಮನೆಗೆ ಹಲಗೆಯ ಗೋಡೆಯೊಂದೇ ಅಡ್ಡವಾಗಿ ಎಸೆಲಿನಾ ಇದ್ದಳು. ಬಟ್ಟೆ ಒಗೆದು ಇಸ್ತ್ರಿ ಮಾಡಿ ಬದುಕುವವಳು. ಅವಳ ಗಂಡಸು ಅಲ್ವೀನ್ ಅಡವಿಯಲ್ಲಿ ಬಲಾಟಾ ಮರದಿಂದ ರಬ್ಬರಿನಂಥ ಹಾಲು ಇಳಿಸುವ ಕೂಲಿ. ವರ್ಷದಲ್ಲಿ ಎಂಟು ತಿಂಗಳು ನದಿಯ ಮೇಲುಭಾಗದಲ್ಲಿ ಇರುತ್ತಿದ್ದ. ಹನ್ನೊಂದು ವರ್ಷ ಒಟ್ಟಿಗೆ ಬಾಳಿದರೂ ಅವರಿಗೆ ಮದುವೆಯಾಗಿರಲಿಲ್ಲ. ಮದುವೆಯಿಲ್ಲದೆ ಕೂಡಿ ಬಾಳುವವರಿಗೆ ನಮ್ಮ ಸಭೆಯಲ್ಲಿ ಪ್ರಭುಭೋಜನದ ರೊಟ್ಟಿ ಕೊಡುವುದಿಲ್ಲ. ಹನ್ನೊಂದು ವರ್ಷವೂ ಎಸೆಲಿನಾ ಕೊನೆಯ ಬೆಂಚಿನಲ್ಲಿ ಕೂತು, ನಾವೆಲ್ಲ ಎದ್ದು ಪ್ರಭುವಿನ ಮೇಜಿಗೆ ಹೋಗುವುದನ್ನು ನೋಡಿದ್ದಳು. ಆ ವರ್ಷ ಅಲ್ವೀನ್ ದೋಣಿಯವನ ಕೈಯಲ್ಲಿ ಹೇಳಿಕಳಿಸಿದ್ದ: ಜುಲೈ ಹಬ್ಬಕ್ಕೆ ಬರುತ್ತೇನೆ, ಅದು ಕಳೆದ ಎರಡನೆಯ ಭಾನುವಾರ ದೇವಾಲಯದಲ್ಲಿ ಕೈ ಹಿಡಿಯುತ್ತೇನೆ. ಸುದ್ದಿ ಬಂದ ದಿನ ಅವಳು ಗೋಡೆಯಾಚೆಯಿಂದ ನನ್ನನ್ನು ಕರೆದು, ರೊಟ್ಟಿ ಬಾಯಿಗಿಟ್ಟಾಗ ಅಗಿಯಬೇಕೋ, ತಾನಾಗಿ ಕರಗಬೇಕೋ ಎಂದು ಕೇಳಿದ್ದಳು.

ಅವಳದೊಂದು ದೋಷವಿತ್ತು. ಕೇಳಿದರೆ ನಿಜ ಹೇಳಿಬಿಡುತ್ತಿದ್ದಳು. ಈಸ್ಟರಿನ ಆರಾಧನೆಯಲ್ಲಿ ಪಾದ್ರಿಯವರ ಮನೆ ನೋಡಿಕೊಳ್ಳುವ ಹೆಂಗಸಿನ ಅಂಗಿಸಾ ಬೇಯಿಸಿದ ಸೊಪ್ಪಿನಂತೆ ಕಿವಿಯ ಮೇಲೆ ಬಿತ್ತು. ಹೊರಗೆ ಬಂದಮೇಲೆ ಆಕೆ ಎಸೆಲಿನಾಳನ್ನೇ ಕಾರಣ ಕೇಳಿದಳು. ಎಸೆಲಿನಾ ಮುಟ್ಟಿ ನೋಡಿ, ಗಂಜಿ ಸರಿಯಾಗಿ ಬೆಂದಿಲ್ಲ, ನೀರೂ ಹೆಚ್ಚಾಗಿದೆ ಎಂದಳು. ಅದು ಮಾ ಫಿಲಿಪಿನಾಳ ಮಡಿಕೆ. ಮಾತು ಅವಳಿಗೆ ತಲುಪಿತು. ಅವಳು ಏನೂ ಹೇಳಲಿಲ್ಲವಂತೆ. ಬಾಯಿ ಇದ್ದವರು ಸುಮ್ಮನಾದರೆ ಹೆದರಬೇಕು.

ಜೂನ್ ತಿಂಗಳಲ್ಲಿ ನದಿದಂಡೆಯ ಅಂಗಡಿಗೆ ಹೊಸ ಬಟ್ಟೆ ಬಂತು. ಕೆಂಪು ನೆಲ, ಅದರ ಮೇಲೆ ಕಪ್ಪು ಗಡಿಗೆಯಂಥ ಚಿತ್ರ. ಅಂಗಡಿಯವನು ಥಾನನ್ನು ಬಿಚ್ಚಿಟ್ಟು ಮಾ ಫಿಲಿಪಿನಾಳ ಮುಖ ನೋಡಿದ. ನಾವು ಇಪ್ಪತ್ತು ಮಂದಿ ಇದ್ದಿರಬೇಕು. ಇಸ್ತ್ರಿಬಟ್ಟೆಯ ಗಂಟು ಹೊತ್ತು ಎಸೆಲಿನಾಳೂ ಹಿಂದೆ ನಿಂತಿದ್ದಳು. ಮಾ ಫಿಲಿಪಿನಾ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ಯಾರನ್ನೂ ನೋಡದೆ ಹೇಳಿದಳು:

"ಅಡವಿಗೆ ಹೋದೋನ ಗಡಿಗೇಲಿ ಬೆಕ್ಕಿಗೂ ಪಾಲು."

ಅಂಗಡಿಗೆ ಅಂಗಡಿಯೇ ನಕ್ಕಿತು. ನಾನೂ ನಕ್ಕೆ. ಅಷ್ಟು ಚಂದದ ಮಾತಿಗೆ ನಗದೆ ಇರುವುದು ಕಷ್ಟ. ಅಡವಿಗೆ ಹೋದವರ ಹೆಂಡಿರು ಊರಲ್ಲಿ ಬೇಕಾದಷ್ಟು ಇದ್ದರು. ಆದರೆ ಸಂಜೆಯ ಹೊತ್ತಿಗೆ ಆ ಗಡಿಗೆ ಎಸೆಲಿನಾಳದೆಂದು ಎಲ್ಲರಿಗೂ ಗೊತ್ತಿತ್ತು. ಯಾರು ಹೇಳಿದರೋ, ಯಾರಿಗೂ ಗೊತ್ತಿಲ್ಲ. ಆ ಬೆಕ್ಕು ಯಾರು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಅಲ್ವೀನ್ ಅಡವಿಯಲ್ಲಿದ್ದಾಗ ಆ ಹಲಗೆಯ ಸಂದಿಯಲ್ಲಿ ಅವಳ ಕೆಮ್ಮು, ಪ್ರಾರ್ಥನೆ, ಇಸ್ತ್ರಿಯ ಸದ್ದು ಬಿಟ್ಟು ಬೇರೊಂದು ಉಸಿರನ್ನು ನಾನು ಹನ್ನೊಂದು ವರ್ಷದಲ್ಲಿ ಕೇಳಿಲ್ಲ. ಆದರೆ ಕೇಳದವರಿಗೆ ಹೇಳಹೋಗುವುದು ನನ್ನ ಕೆಲಸವೇ ಎಂದುಕೊಂಡು ನಾನೂ ಬಟ್ಟೆ ಕೊಂಡೆ. ಹಬ್ಬಕ್ಕೆ ಎಲ್ಲರದೂ ಅದೇ ಆಗಿತ್ತು.

ಜುಲೈ ಒಂದರಂದು, ನಮ್ಮ ಹಿರಿಯರ ಗುಲಾಮಗಿರಿಯ ಸಂಕೋಲೆ ಕಡಿದ ದಿನ, ಮಧ್ಯಾಹ್ನಕ್ಕೆ ದೋಣಿ ಬಂತು. ಕಟ್ಟೆಯ ಮೇಲೆ ಕೆಂಪು ತಲೆಗಳ ಸಾಲು. ಅಲ್ವೀನ್ ಇಳಿದವನೇ, ಬಟ್ಟೆ ಚೆನ್ನಾಗಿದೆ, ಮದುವೆಗೆ ಎಸೆಲಿನಾಗೆ ಇದನ್ನೇ ತೆಗೆಯುತ್ತೇನೆ, ಇದರ ಹೆಸರೇನು ಎಂದು ಮೀನು ಮಾರುವವಳೊಬ್ಬಳನ್ನು ಕೇಳಿದ. ಆಕೆ ಹೇಳಿದಳು. ಅವನೇ ಮೊದಲು ನಕ್ಕ. ಆಮೇಲೆ ಹೆಂಗಸರೆಲ್ಲ ಸುಮ್ಮನಿದ್ದುದನ್ನು ಕಂಡು ನಗು ನಿಲ್ಲಿಸಿದ. ಜೊತೆಗೆ ಇಳಿದಿದ್ದ ಒಬ್ಬ ಅವನ ಬೆನ್ನು ತಟ್ಟಿ, "ಬೆಕ್ಕಿಗೆ ಏನ್ ತಂದಿದೀಯ ಅಲ್ವೀನ್?" ಎಂದ.

ಆ ಪ್ರಶ್ನೆ ಮೂರು ದಿನ ಅವನ ಹಿಂದೆ ಅಲೆಯಿತು. ರಮ್ಮಿನ ಅಂಗಡಿಯಲ್ಲಿ, ಕ್ಷೌರಿಕನ ಕಟ್ಟೆಯಲ್ಲಿ, ಎಲ್ಲಿ ಕೂತರೂ ಅದೇ. ಅವನು ಎಸೆಲಿನಾಳನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಯಾರದು ಎಂದು ಒಮ್ಮೆ ಕೇಳಿದನಂತೆ. ಯಾರೂ ಇಲ್ಲ ಎಂದಳಂತೆ. ಅವಳ ಬಳಿ ಇದ್ದದ್ದು ಅಷ್ಟೇ, ಎರಡು ಪದ. ಅದಕ್ಕೆ ಪ್ರಾಸವಿಲ್ಲ, ನಗುವಿಲ್ಲ. ಅದನ್ನು ಬಾಯಿಂದ ಬಾಯಿಗೆ ಯಾರು ದಾಟಿಸುತ್ತಾರೆ?

ಶನಿವಾರ ಅವಳು ನನ್ನ ಬಾಗಿಲಿಗೆ ಬಂದು, "ನೀನು ಗೋಡೆಯಾಚೆ ಇರೋಳು ಅಕ್ಕಾ. ನಿನ್ ಮಾತು ಕೇಳ್ತಾನೆ. ನೀನು ಹೇಳು" ಎಂದಳು. ಹೇಳುತ್ತೇನೆ ಎಂದೆ.

ಮರುದಿನ ಆರಾಧನೆ ಮುಗಿಯುತ್ತಲೇ ಹೋದೆ. ಅಲ್ವೀನ್ ದೇವಾಲಯದ ಅಂಗಳದಲ್ಲಿ ಹುಣಸೆಮರದ ಕೆಳಗೆ ಕೂತಿದ್ದ. ನಾನು ಬಲಗೈಯನ್ನು ಎದೆಯ ಮೇಲಿಟ್ಟು, ದೇವರನ್ನು ಮುಂದಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೇಳುತ್ತಿರುವಾಗ ಅವನ ಕಣ್ಣು ನನ್ನ ಕಣ್ಣಿಗಿಂತ ತುಸು ಮೇಲೆ ನಿಂತಿತ್ತು.

"ಅಕ್ಕಾ," ಎಂದ, "ನಿಮ್ ಬಾಯಿ ಒಂದು ಹೇಳ್ತದೆ, ನಿಮ್ ತಲೆ ಇನ್ನೊಂದು ಹೇಳ್ತದೆ. ಬಾಯಿ ತೆರೆದಿದ್ದು ಈಗ. ತಲೆಗೆ ಗಂಜಿ ಹಾಕಿ, ಒಣಗಿಸಿ, ಮಡಿಸೋಕೆ ಎರಡು ದಿನ ಆದ್ರೂ ಹಿಡಿದಿರ್ಬೇಕು. ಯೋಚನೆ ಮಾಡಿ ಹೇಳಿದ್ದು ಯಾವ್ದು?"

ನನ್ನ ಕೈ ತಲೆಯ ಮೇಲಿದ್ದ ಅದೇ ಕೆಂಪು ಬಟ್ಟೆಗೆ ಹೋಯಿತು. ಅಂಗಳದ ತುಂಬ ಸಭೆಯ ಜನ ನಿಂತಿದ್ದರು. ದೇವಾಲಯದ ಅಂಗಳದಲ್ಲಿ, ಪರಗಂಡಸಿನ ಎದುರಿಗೆ, ನಮ್ಮಲ್ಲಿ ಯಾವ ಹೆಂಗಸೂ ತಲೆಯ ಬಟ್ಟೆ ಬಿಚ್ಚುವುದಿಲ್ಲ. ಬಿಚ್ಚಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಕೈಯನ್ನು ಕೆಳಗಿಳಿಸಿದೆ.

ಅವನಿಗೆ ನಂಬುವ ಮನಸ್ಸಿತ್ತೋ, ಬಿಡಿಸಿಕೊಳ್ಳುವ ನೆಪ ಬೇಕಿತ್ತೋ, ಅದು ದೇವರಿಗೆ ಗೊತ್ತು. ಸೋಮವಾರದ ದೋಣಿಗೆ ಅವನು ಮತ್ತೆ ಅಡವಿಗೆ ಹೋದ.

ಮಾ ಫಿಲಿಪಿನಾಳನ್ನು ನಾನು ಕೇಳದೆ ಇರಲಿಲ್ಲ. ಅವಳು ಗಂಜಿ ಕದಡುತ್ತಲೇ, "ನಾನು ಯಾರ್ ಹೆಸರಾದ್ರೂ ಎತ್ತಿದ್ನಾ ತಾಯಿ?" ಎಂದಳು. ಎತ್ತಿರಲಿಲ್ಲ.

ಎಸೆಲಿನಾಗೆ ನಡೆದದ್ದನ್ನು ನಾನೇ ಹೇಳಿದೆ, ತಲೆಯ ಸಂಗತಿಯನ್ನೂ ಸೇರಿಸಿ. ಅವಳು ಇಸ್ತ್ರಿಯನ್ನು ಬಟ್ಟೆಯಿಂದ ಎತ್ತಿ ಪಕ್ಕಕ್ಕಿಟ್ಟಳು, ಸುಡಬಾರದೆಂದು.

"ಅಂಗಡೀಲಿ ನೀನು ನಕ್ಕಿದ್ದನ್ನ ನೋಡ್ದೆ ಅಕ್ಕಾ," ಎಂದಳು. "ತಪ್ಪು ತಿಳ್ಕೊಳ್ಲಿಲ್ಲ. ಮಾತು ಹಂಗಿತ್ತು. ನಂದೇ ಅಂತ ಗೊತ್ತಾಗೋಕೆ ಮುಂಚೆ ನಾನೂ ನಕ್ಕಿದ್ದೆ."

ಮದುವೆಗೆ ಗೊತ್ತುಮಾಡಿದ್ದ ಭಾನುವಾರ ಪ್ರಭುಭೋಜನವೂ ಇತ್ತು. ಪಾದ್ರಿಯವರು ಕರೆದಾಗ ನಾವು ಸಾಲಾಗಿ ಎದ್ದೆವು. ಮಾ ಫಿಲಿಪಿನಾಗೆ ಮಂಡಿನೋವು. ಮೆಟ್ಟಿಲು ಹತ್ತಲು ಅವಳು ನನ್ನ ತೋಳು ಹಿಡಿದಳು, ನಾನು ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಒಟ್ಟಿಗೆ ಮೊಣಕಾಲೂರಿದೆವು, ಒಂದೇ ತಟ್ಟೆಯಿಂದ ರೊಟ್ಟಿ ತೆಗೆದುಕೊಂಡೆವು. ತಿರುಗಿ ಬರುವಾಗ ಕೊನೆಯ ಬೆಂಚಿನಲ್ಲಿ ಎಸೆಲಿನಾ ನಮ್ಮ ಬಾಯಿಗಳನ್ನೇ ನೋಡುತ್ತಿದ್ದಳು.